ಯಾವ ಮಹಡಿ ಎಂದು ಕೇಳದವನು

ಆ ಕಟ್ಟಡಕ್ಕೆ ಆರು ಮಹಡಿ, ಒಂದೇ ಲಿಫ್ಟು. ಲಿಫ್ಟಿನೊಳಗೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಒಬ್ಬ ಮನುಷ್ಯ. ಇಪ್ಪತ್ತೆರಡು ವರ್ಷ ಅವನು ಅಲ್ಲಿ ಕುಳಿತು ಜನರನ್ನು ಮೇಲಕ್ಕೂ ಕೆಳಕ್ಕೂ ಸಾಗಿಸಿದ. ಅಷ್ಟೂ ವರ್ಷ "ಯಾವ ಮಹಡಿ?" ಎಂದು ಒಬ್ಬರನ್ನೂ ಕೇಳಲಿಲ್ಲ. ಕೇಳುವುದೆಂದರೆ ಅವನ ಪಾಲಿಗೆ ಸೋಲು. ಒಳಗೆ ಕಾಲಿಟ್ಟವರು ಬಾಯಿ ತೆರೆಯುವಷ್ಟರಲ್ಲಿ "ಗೊತ್ತು" ಎಂದುಬಿಡುತ್ತಿದ್ದ; ಬಟನ್ ಒತ್ತಿ ಆಗಿರುತ್ತಿತ್ತು. ಹೀಗೆ ಅವನಿಗೆ ಗೊತ್ತಪ್ಪ ಎಂಬ ಹೆಸರು ಬಂತು. ತಾಯಿತಂದೆ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿಯಿತು.

ನಾನು ಮೇಷ್ಟರ ಕೆಲಸದಿಂದ ನಿವೃತ್ತನಾದ ಮೇಲೆ ಆ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿದ್ದ ವಾಚನಾಲಯಕ್ಕೆ ಹೋಗತೊಡಗಿದೆ. ಮೊದಲ ದಿನ ಲಿಫ್ಟಿನಲ್ಲಿ ನಿಂತು ಇನ್ನೂ ಉಸಿರು ಬಿಟ್ಟಿರಲಿಲ್ಲ, ಕತ್ತರಿಯಂತೆ ಮಡಚಿಕೊಳ್ಳುವ ಕಬ್ಬಿಣದ ಬಾಗಿಲನ್ನು ಎಳೆದು ನಾಲ್ಕನ್ನು ಒತ್ತಿದ.

"ಎಲ್ಲಿಗೆ ಅಂತ ನಾನು ಹೇಳಲೇ ಇಲ್ಲವಲ್ಲಪ್ಪ?"

"ಹೆಬ್ಬೆರಳು, ತೋರುಬೆರಳು ಉಜ್ಜಿಕೊಳ್ತಾ ಇದ್ದೀರಲ್ಲ ಮೇಷ್ಟ್ರೇ. ಸೀಮೆಸುಣ್ಣದ ಪುಡಿ ಕೈಯಿಂದ ಹೋಗಿದೆ, ಮನಸ್ಸಿಂದ ಹೋಗಿಲ್ಲ. ಕೆಲಸ ಬಿಟ್ಟ ಮೇಷ್ಟ್ರು ಬೆಳಿಗ್ಗೆ ಹತ್ತು ಗಂಟೆಗೆ ಪುಕ್ಕಟೆ ಪೇಪರ್ ಓದೋದು ಬಿಟ್ಟು ಇನ್ನೆಲ್ಲಿಗೆ ಹೋಗ್ತಾರೆ?"

ಮೂವತ್ತೈದು ವರ್ಷ ಮಕ್ಕಳ ಮುಖ ನೋಡಿಯೇ ಪಾಠ ಓದದೆ ಬಂದವರನ್ನು ಎಬ್ಬಿಸಿ ನಿಲ್ಲಿಸುತ್ತಿದ್ದವನು ನಾನು. ಈಗ ನನ್ನ ಬೆರಳನ್ನೇ ಒಬ್ಬ ಓದಿಬಿಟ್ಟ. ನಾಚಿಕೆಯೂ ಆಯಿತು, ಖುಷಿಯೂ ಆಯಿತು.

ಆಮೇಲೆ ಪರಿಚಯ ಬೆಳೆದಂತೆ ಅವನ ವಿದ್ಯೆಯ ಗುಟ್ಟುಗಳನ್ನು ಒಂದೊಂದಾಗಿ ಬಿಚ್ಚಿದ. ಎರಡನೆಯ ಮಹಡಿಯಲ್ಲಿದ್ದ ಹಲ್ಲಿನ ಡಾಕ್ಟರ ಬಳಿಗೆ ಹೋಗುವವರು ಕೆನ್ನೆ ಹಿಡಿದುಕೊಂಡಿರುತ್ತಾರೆಂದು ತಿಳಿಯುವುದು ಹೆಡ್ಡತನವಂತೆ. ಅವರು ಬೇರೆಯವರ ಬಾಯಿಯನ್ನೇ ನೋಡುತ್ತಾರಂತೆ. ಮೂರನೆಯ ಮಹಡಿಯ ವಕೀಲರ ಕಡೆಯವರು ಚೀಲವನ್ನು ಎದೆಗೆ ಅವಚಿಕೊಳ್ಳುತ್ತಾರೆ. ಮೊದಲನೆಯ ಮಹಡಿಯ ವಿಮೆ ಕಚೇರಿಗೆ ಹೋಗುವವರು ಲಿಫ್ಟಿನ ಹಗ್ಗ ಗಟ್ಟಿಯಾಗಿದೆಯೇ ಎಂದು ತಲೆಯೆತ್ತಿ ನೋಡುತ್ತಾರೆ. ಐದರಲ್ಲಿ ನರರೋಗದ ಡಾಕ್ಟರಮ್ಮ ಇದ್ದರು. ಅಲ್ಲಿಗೆ ಹೊರಟವರು ತಮ್ಮ ಕೈಯನ್ನು ತಾವೇ ಬೇರೆಯವರ ಕೈಯೇನೋ ಎಂಬಂತೆ ನೋಡಿಕೊಳ್ಳುತ್ತಾರೆ. ಆರನೆಯದು ಕಟ್ಟಡದ ಸಂಘದ ಕಚೇರಿ. ದೂರು ಹೇಳಲು ಹೋಗುವವರ ತುಟಿ ಕೆಳಗಿನಿಂದಲೇ ಅಲುಗಾಡುತ್ತಿರುತ್ತದೆ, ಮಾತು ಅಭ್ಯಾಸ ಮಾಡುತ್ತಿರುತ್ತಾರೆ.

"ಕಲಿಸಿಕೊಟ್ಟವರು ಯಾರಪ್ಪ?" ಎಂದು ಕೇಳಿದೆ.

"ಈ ಸ್ಟೂಲು ಮೇಷ್ಟ್ರೇ."

ಇಂತಹವನ ಮನೆಯೊಳಗಿನ ಕಥೆ ಬೇರೆ ಇತ್ತು. ಅವನ ಹೆಂಡತಿ ಮಧ್ಯಾಹ್ನ ಊಟದ ಡಬ್ಬಿ ತರುತ್ತಿದ್ದಳು. ತೆಳ್ಳನೆಯ, ಚುರುಕು ಕಣ್ಣಿನ ಹೆಂಗಸು. ಗಂಡನ ಕೀರ್ತಿಯನ್ನು ಯಾರಾದರೂ ಹೊಗಳಿದರೆ ಮೂಗು ಮುರಿಯುತ್ತಿದ್ದಳು.

"ಊರೋರ ಮನಸ್ಸೆಲ್ಲ ಗೊತ್ತು ಇವರಿಗೆ. ನಾನು ಹೊಸ ಸೀರೆ ಉಟ್ಟು ಎದುರಿಗೆ ಮೂರು ಸಲ ಓಡಾಡಿದೆ. ಮೂರನೇ ಸಲಕ್ಕೆ 'ಏನೇ, ಏನಾದ್ರೂ ಕಳೆದುಹೋಯ್ತಾ?' ಅಂದ್ರು."

"ಮನೇಲಿ ಬಟನ್ ಇಲ್ವಲ್ಲೇ," ಎನ್ನುತ್ತಿದ್ದ ಗೊತ್ತಪ್ಪ, ಅನ್ನ ಕಲಸುತ್ತ.

ಅವನ ವಿದ್ಯೆಯಲ್ಲಿ ಒಂದು ಬಿರುಕಿದೆ ಎಂದು ನನಗೆ ತಿಳಿದದ್ದು ಹೊಲಿಗೆಯಮ್ಮನಿಂದ. ಕಟ್ಟಡದ ಹಿಂದಿನ ಬೀದಿಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಹೆಂಗಸು ಅವಳು. ಒಮ್ಮೆ ಅವಳ ಗಂಡ ಬಟ್ಟೆ ಕತ್ತರಿಸುವ ಅವಳ ಕತ್ತರಿಯಲ್ಲಿ ರಟ್ಟು ಕತ್ತರಿಸಿಬಿಟ್ಟ. ಅದೂ ಮೂರನೆಯ ಸಲ. ಇನ್ನು ಈ ಮನುಷ್ಯನ ಜೊತೆ ಬಾಳಲಾರೆ ಎಂದು ನಾಲ್ಕು ಪುಟ ಆಪಾದನೆ ಬರೆದುಕೊಂಡು ವಕೀಲರನ್ನು ನೋಡಲು ಹೊರಟಳು. ಸಿಟ್ಟಿನಿಂದ ದವಡೆ ಬಿಗಿದಿತ್ತು. ಗೊತ್ತಪ್ಪ ಆ ದವಡೆಯನ್ನು ನೋಡಿದ, "ಗೊತ್ತಮ್ಮ" ಎಂದ, ಎರಡನ್ನು ಒತ್ತಿದ.

"ಬಾಗಿಲು ತೆಗೀತು, ಇಳಿದೆ. ಯಾರೋ ಕೂತ್ಕೊಳ್ಳಿ ಅಂದ್ರು, ಕೂತೆ. ವಕೀಲರ ಆಫೀಸಿನ ಕುರ್ಚಿ ಇಷ್ಟು ಹಿಂದಕ್ಕೆ ವಾಲುತ್ತಾ ಅಂದ್ಕೊಂಡೆ ಮೇಷ್ಟ್ರೇ. ಅಷ್ಟರಲ್ಲಿ ಬಾಯಿ ತೆಗೀರಿ ಅಂದ್ರು. ಸರಿ, ಇನ್ನೇನು ಎಲ್ಲ ಹೇಳ್ಬೇಕು ಅಂತ ತೆಗೆದೆ, ಕನ್ನಡಿ ಇಟ್ಟುಬಿಟ್ರು! ನೋಡಿದ್ರೆ ನಿಜವಾಗ್ಲೂ ಹಿಂದಿನ ಹಲ್ಲು ಹುಳುಕಾಗಿತ್ತು."

"ಕೀಳಿಸಿಕೊಂಡೆಯಾ?"

"ಇನ್ನೇನ್ ಮಾಡ್ಲಿ, ಅಷ್ಟು ದೂರ ಹೋದ್ಮೇಲೆ? ಬಾಯಿ ತುಂಬ ಹತ್ತಿ. ಇಡೀ ದಿನ ಮನೇಲಿ ಒಂದು ಮಾತಾಡ್ಲಿಲ್ಲ. ನಾನು ಮಾತಾಡದೇ ಇದ್ದಿದ್ದು ಮದುವೆ ಆದ್ಮೇಲೆ ಅದೇ ಮೊದಲು. ನಮ್ಮ ಮನೆಯವರು ಹೆದರಿ ಹೋದ್ರು. ಹೊಸ ಕತ್ತರಿ ತಂದು ಮುಂದೆ ಇಟ್ಟು, ಇನ್ನು ಮುಟ್ಟಲ್ಲ ಅಂದ್ರು. ಗೊತ್ತಪ್ಪ ಸಾಮಾನ್ಯ ಅಲ್ಲ ಬಿಡಿ. ತಪ್ಪಿರೋದು ಗಂಡಂದಲ್ಲ, ಹಲ್ಲಿಂದು ಅಂತ ಮೊದಲೇ ಕಂಡುಕೊಂಡಿದ್ದ."

ನಾನು ಗೊತ್ತಪ್ಪನನ್ನು ಮೆಲ್ಲಗೆ ಕೇಳಿದೆ: ಆ ದಿನ ಆಕೆ ಹೊರಟಿದ್ದು ವಕೀಲರ ಹತ್ತಿರ ಇರಬಹುದಲ್ಲವೇ? ಅವನು ನನ್ನನ್ನು ಕನಿಕರದಿಂದ ನೋಡಿದ. "ವಕೀಲರಾ? ಆಯಮ್ಮನ ದವಡೆ ನೀವು ನೋಡಿಲ್ಲ ಮೇಷ್ಟ್ರೇ." ಒಬ್ಬ ಮೇಷ್ಟ್ರು ತಪ್ಪು ಕಂಡೂ ಕೆಂಪು ಶಾಯಿ ಹಾಕದೆ ಬಿಟ್ಟ ಅಪರೂಪದ ಸಂದರ್ಭ ಅದು.

ಐದನೆಯ ಮಹಡಿಯ ಡಾಕ್ಟರಮ್ಮನಿಗೆ ಗೊತ್ತಪ್ಪನ ಮೇಲೆ ಬಹಳ ಅಕ್ಕರೆ. ಒಂದು ಸಂಜೆ ರೋಗಿಗಳು ಮುಗಿದ ಮೇಲೆ ನಮ್ಮಿಬ್ಬರನ್ನೂ ಕೂರಿಸಿಕೊಂಡು, ಮೇಜಿನ ಮೇಲಿದ್ದ ಪ್ಲಾಸ್ಟರಿನ ಮಿದುಳನ್ನು ಎರಡು ಹೋಳು ಮಾಡಿ ತೋರಿಸಿದರು. ಗೊತ್ತಪ್ಪ ಅದನ್ನು ತನ್ನದೇ ಭಾವಚಿತ್ರವೇನೋ ಎಂಬಂತೆ ನೋಡಿದ.

"ನೀವು ಈ ಲೋಟಕ್ಕೆ ಕೈ ಚಾಚ್ತೀರಿ ಅಂತಿಟ್ಕೊಳ್ಳಿ," ಎಂದರು ಅವರು. "ನೋಡ್ತಾ ಕೂತಿರೋ ನನ್ನ ತಲೇಲೂ ಕೈ ಚಾಚೋ ಜಾಗ ಒಂದಿಷ್ಟು ಮಿಸುಕುತ್ತೆ ಅಂತಾರೆ. ಎಷ್ಟು ಮಿಸುಕುತ್ತೆ, ಅದರಿಂದ ಏನು ತಿಳಿಯುತ್ತೆ ಅಂತ ವಿಜ್ಞಾನಿಗಳು ಇನ್ನೂ ಜಗಳ ಆಡ್ತಿದ್ದಾರೆ, ಅದು ಬೇರೆ. ನೀವು ಲೋಟ ಎತ್ತೋದು ಕುಡಿಯೋಕಾ, ತೊಳೆಯೋಕಾ? ಬೆರಳು ಹೇಗೆ ಹಿಡಿದಿದೆ, ಲೋಟ ತುಂಬಿದೆಯಾ, ಮೇಜಿನ ಮೇಲೆ ಎಂಜಲು ಇದೆಯಾ, ಇಷ್ಟನ್ನು ನೋಡಿ ಮಿದುಳು ಮುಂಚೆನೇ ಒಂದು ಊಹೆ ಮಾಡಿಬಿಡುತ್ತೆ. ಊಹೆ ಮುಂದೆ ಓಡುತ್ತೆ, ಕಣ್ಣು ಹಿಂದಿನಿಂದ ಬಂದು ಸರಿನಾ ತಪ್ಪಾ ನೋಡುತ್ತೆ. ತಪ್ಪಾದರೆ ತಿದ್ದಿಕೊಳ್ಳುತ್ತೆ."

"ತಪ್ಪು ಅಂತ ಹೇಳೋರು ಯಾರೂ ಇಲ್ಲದಿದ್ದರೆ?" ಎಂದೆ. ನನಗೆ ಹೊಲಿಗೆಯಮ್ಮ ನೆನಪಾಗಿದ್ದಳು.

"ಆಗ ತಿದ್ದೋ ಪ್ರಶ್ನೆನೇ ಬರಲ್ಲ ಮೇಷ್ಟ್ರೇ. ಊಹೆನೇ ಗದ್ದುಗೆ ಏರಿ ಕೂತುಬಿಡುತ್ತೆ."

ಗೊತ್ತಪ್ಪನಿಗೆ ಈ ಮಾತು ರುಚಿಸಲಿಲ್ಲ. "ಇನ್ನೊಬ್ಬರ ಮನಸ್ಸಲ್ಲಿ ಏನಿದೆ ಅಂತ ತಿಳಿಯೋ ಜಾಗ ಇದರಲ್ಲಿ ಎಲ್ಲಿದೆ ಡಾಕ್ಟರಮ್ಮ?" ಎಂದು ಕೇಳಿದ. ಅದು ಒಂದೇ ಜಾಗದ ಕೆಲಸವಲ್ಲ ಎಂದು ಅವರು ಹೇಳುತ್ತಲೇ, ಮುಖ್ಯವಾದ ಒಂದನ್ನು ಕಿವಿಯ ಹಿಂದೆ, ತುಸು ಮೇಲೆ, ಬೆರಳಿಟ್ಟು ತೋರಿಸಿದರು. ಮಾರನೆಯ ದಿನದಿಂದ ಗೊತ್ತಪ್ಪ ಬೇಸಗೆಯಲ್ಲೂ ಕಿವಿಯ ಮೇಲೆ ಮಫ್ಲರ್ ಸುತ್ತಿಕೊಂಡು ಕೆಲಸಕ್ಕೆ ಬರತೊಡಗಿದ. ಕೇಳಿದರೆ, "ತಣ್ಣನೆ ಗಾಳಿ ತಾಗಿ ಆ ಜಾಗ ಕೆಟ್ಟುಗಿಟ್ಟೀತು," ಎಂದ.

ಕೆಟ್ಟದ್ದು ಬೇರೆ ಕಡೆಯಿಂದ ಬಂತು. ಸಂಘಕ್ಕೆ ಹೊಸ ಸೆಕ್ರೆಟರಿ ಬಂದರು. ಜೇಬಿನಲ್ಲಿ ನಾಲ್ಕು ಪೆನ್ನು. ಬರೆದಿಡದ ಮಾತು ಮಾತೇ ಅಲ್ಲ ಎಂಬ ನಂಬಿಕೆ. ಬಂದ ತಿಂಗಳಲ್ಲೇ, ಹಳೆಯ ಲಿಫ್ಟು ತೆಗೆದು ಜನರೇ ಬಟನ್ ಒತ್ತಿಕೊಳ್ಳುವ ಹೊಸದನ್ನು ಹಾಕಬೇಕು, ಸ್ಟೂಲೂ ಬೇಡ, ಸ್ಟೂಲಿನ ಮೇಲಿನವನೂ ಬೇಡ ಎಂದು ಟಿಪ್ಪಣಿ ಬರೆದರು. ಗೊತ್ತಪ್ಪನ ನಿವೃತ್ತಿಗೆ ಇನ್ನೂ ಎರಡು ವರ್ಷವಿತ್ತು. ಮಂಡಿ ನೋವಿನವನು, ನಿಂತು ಮಾಡುವ ಕೆಲಸ ಯಾವುದೂ ಆಗದು.

ಅವನ ಹೆಂಡತಿ ಡಬ್ಬಿ ಹಿಡಿದು ವಾಚನಾಲಯದ ಬಾಗಿಲಿಗೇ ಬಂದಳು. "ಮೇಷ್ಟ್ರೇ, ಊಟಕ್ಕೆ ಹೇಗೋ ಆಗುತ್ತೆ, ನಮ್ಮಣ್ಣ ನೋಡ್ಕೋತಾನೆ. ಆದ್ರೆ ಆ ಪೆಟ್ಟಿಗೆಯಿಂದ ಇಳಿಸಿದ್ರೆ ಇವರು ಉಳಿಯಲ್ಲ. ಮನೇಲಿ ಕೂತು ಯಾರಿಗೆ ಗೊತ್ತು ಗೊತ್ತು ಅಂತಾರೆ? ನನಗಾ?"

ಡಾಕ್ಟರಮ್ಮ ಸಭೆಯಲ್ಲಿ ಎದ್ದು ನಿಂತು, ಯಂತ್ರ ಕೇಳಿದ ಮಹಡಿಗೆ ಒಯ್ಯುತ್ತದೆ, ಈ ಮನುಷ್ಯ ಕೇಳದೆಯೇ ಒಯ್ಯುತ್ತಾನೆ, ಯಾವುದು ಮೇಲು ಎಂದು ವಾದಿಸಿದರು. ಸೆಕ್ರೆಟರಿ, "ಪುರಾವೆ ಎಲ್ಲಿದೆ? ಬರವಣಿಗೇಲಿ ಇದೆಯಾ?" ಎಂದರು. ಕೊನೆಗೆ ಒಂದು ಪರೀಕ್ಷೆ ಗೊತ್ತಾಯಿತು. ಒಂದು ದಿನ, ನಲವತ್ತು ಜನ. ಪ್ರತಿಯೊಬ್ಬರೂ ಕೆಳಗೆ ಕಾವಲುಗಾರನ ಮೇಜಿನಲ್ಲಿ ತಮ್ಮ ಹೆಸರನ್ನೂ ಹೋಗಬೇಕಾದ ಮಹಡಿಯನ್ನೂ ಚೀಟಿಯಲ್ಲಿ ಬರೆದು ಡಬ್ಬದಲ್ಲಿ ಹಾಕಿ, ತುಟಿ ಬಿಚ್ಚದೆ ಲಿಫ್ಟು ಹತ್ತಬೇಕು. ಯಾರು ಎಲ್ಲಿ ಇಳಿದರೆಂದು ಸೆಕ್ರೆಟರಿ ಲಿಫ್ಟಿನಲ್ಲೇ ನಿಂತು ಬರೆದುಕೊಳ್ಳುವುದು. ಮೂವತ್ತೈದು ಸರಿಯಾದರೆ ಗೊತ್ತಪ್ಪ ಎರಡು ವರ್ಷ ಇರುತ್ತಾನೆ. ಇಲ್ಲವಾದರೆ ತಿಂಗಳ ಕೊನೆಗೆ ಸ್ಟೂಲು ಗುಜರಿಗೆ. ಚೀಟಿ ಎಣಿಸುವಾಗ ಸಾಕ್ಷಿಗೆ ನಾನು ಮತ್ತು ಡಾಕ್ಟರಮ್ಮ.

"ಮೂವತ್ತೈದೇನು, ನಲವತ್ತೂ ಬರುತ್ತೆ," ಎಂದು ಗೊತ್ತಪ್ಪ ಮಫ್ಲರನ್ನು ಬಿಗಿಮಾಡಿಕೊಂಡ. ನನಗೆ ಮಾತ್ರ ಹೊಲಿಗೆಯಮ್ಮನ ಹಲ್ಲು ನೆನಪಾಯಿತು.

ಆ ದಿನ ಸಂಜೆ ಆರನೆಯ ಮಹಡಿಯಲ್ಲಿ ಡಬ್ಬ ಬಿಚ್ಚಿದೆವು. ಪುಸ್ತಕವನ್ನೂ ಚೀಟಿಗಳನ್ನೂ ಎರಡು ಸಲ ತಾಳೆ ನೋಡಿದೆವು. ಹೊಂದಿದ್ದು ಇಪ್ಪತ್ನಾಲ್ಕು. ಹದಿನಾರು ತಪ್ಪು.

ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿದರು. "ಹದಿನಾರು ಜನ ತಪ್ಪು ಮಹಡೀಲಿ ಇಳಿದರು. ಒಬ್ಬರಾದರೂ ಗಲಾಟೆ ಮಾಡಿದರಾ?"

ಸೆಕ್ರೆಟರಿ ಯೋಚಿಸಿದರು. ಇಲ್ಲ. ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಅವರಿಗೇ ಅದು ವಿಚಿತ್ರವೆನಿಸಿ, ಎರಡು ದಿನ ಓಡಾಡಿ ಆ ಹದಿನಾರು ಮಂದಿಯಿಂದಲೂ ಲಿಖಿತ ಹೇಳಿಕೆ ಪಡೆದರು. ವಿಮೆಗೆ ಹೊರಟು ಎರಡರಲ್ಲಿ ಇಳಿದವನು, "ಹಲ್ಲು ತೋರಿಸಬೇಕು ಅಂತ ಆರು ತಿಂಗಳಿಂದ ಅಂದುಕೊಳ್ತಾನೇ ಇದ್ದೆ, ಆತನಿಗೆ ಹೇಗೆ ತಿಳೀತೋ" ಎಂದು ಬರೆದುಕೊಟ್ಟಿದ್ದ. ನೀರು ಬರುತ್ತಿಲ್ಲವೆಂದು ದೂರು ಹೊತ್ತು ಆರಕ್ಕೆ ಹೊರಟಿದ್ದ ಸಿಡುಕಿನ ಮುದುಕರೊಬ್ಬರು ನಾಲ್ಕರಲ್ಲಿ ಇಳಿದು, ನನ್ನ ಪಕ್ಕದಲ್ಲೇ ಪೇಪರ್ ಓದಿ, ಸಮಾಧಾನವಾಗಿ ಮನೆಗೆ ಹೋಗಿದ್ದರು. ಇನ್ನು ಮೂವರು, "ಚೀಟಿಯಲ್ಲಿ ನಾನೇ ತಪ್ಪು ಬರೆದಿದ್ದೆ, ಲಿಫ್ಟಿನವನು ಸರಿಯಾದ ಕಡೆಗೇ ಬಿಟ್ಟ" ಎಂದು ಸಹಿ ಮಾಡಿದ್ದರು.

"ಇಷ್ಟು ದಿನ ಅವನ ತಲೆ ನೋಡಬೇಕು ಅಂತಿದ್ದೆ," ಎಂದರು ಹೇಳಿಕೆಗಳನ್ನೆಲ್ಲ ಓದಿದ ಡಾಕ್ಟರಮ್ಮ. "ನೋಡಬೇಕಾದ್ದು ಇಳಿದು ಹೋದವರ ತಲೆ. ನಾವು ಯಾಕೆ ಹೊರಟೆವು ಅನ್ನೋದನ್ನ ತಲುಪಿದ ಮೇಲೆ ತೀರ್ಮಾನ ಮಾಡ್ತೀವಿ."

"ಇರಬಹುದು. ಇಪ್ಪತ್ನಾಲ್ಕು ಅಂದ್ರೆ ಇಪ್ಪತ್ನಾಲ್ಕೇ," ಎಂದು ಸೆಕ್ರೆಟರಿ ಪುಸ್ತಕ ಮುಚ್ಚಿದರು. ಕೆಳಗೆ ಹೋಗುವಾಗ ಲಿಫ್ಟಿನಲ್ಲಿ ಗೊತ್ತಪ್ಪನಿಗೆ ಹೇಳಿದ್ದು ಇಷ್ಟೇ: "ಫಲಿತಾಂಶ ಲಿಖಿತವಾಗಿ ತಿಳಿಸ್ತೀನಿ."

ಅವರು ಹೋದ ಮೇಲೆ ಗೊತ್ತಪ್ಪ ನನ್ನ ತೋಳು ಹಿಡಿದ. "ಮುಖ ನೋಡಿದ್ರಾ ಮೇಷ್ಟ್ರೇ? ಖುಷಿ ತಡ್ಕೊಳ್ಳೋಕಾಗದೆ ತುಟಿ ಕಚ್ಕೊಂಡಿದ್ರು. ಮೂವತ್ತೊಂಬತ್ತಕ್ಕೆ ಕಮ್ಮಿ ಇಲ್ಲ." ನಾನು ನೆಲ ನೋಡಿದೆ. ಅವನು ನನ್ನ ಮುಖವನ್ನೂ ಓದಿದ. "ನಿಮಗೂ ಕಣ್ಣಲ್ಲಿ ನೀರು ಬಂತಲ್ಲ!" ಎಂದು ಬೆನ್ನು ತಟ್ಟಿದ.

ಮರುದಿನ ಮಧ್ಯಾಹ್ನ ಬಾಗಿಲ ಬಳಿ ಅವನ ಹೆಂಡತಿ ಎದುರಾದಳು. ನಾನು ನಮಸ್ಕಾರ ಹೇಳಲು ಕೈ ಎತ್ತಿದೆ, ಅಷ್ಟೇ.

"ಹೋಯ್ತು, ಅಲ್ವಾ?" ಎಂದಳು. "ಎಷ್ಟು ಬಂತು?"

"ಇಪ್ಪತ್ನಾಲ್ಕು."

"ಅಷ್ಟು ಬಂತಾ!" ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು. ನಕ್ಕಳೋ ಅತ್ತಳೋ ನನಗೆ ತಿಳಿಯಲಿಲ್ಲ. ಆ ಮನೆಯಲ್ಲಿ ಮನಸ್ಸು ಓದುವವರು ಯಾರೆಂಬುದು ಮಾತ್ರ ತಿಳಿಯಿತು.

ಸೋಮವಾರ ಬೆಳಿಗ್ಗೆ ನಾನು ಲಿಫ್ಟು ಹತ್ತಿದಾಗ ಸೆಕ್ರೆಟರಿ ಹಿಂದೆಯೇ ಬಂದರು. ಕೈಯಲ್ಲಿ ಉದ್ದನೆಯ ಲಕೋಟೆ. ಕಟ್ಟಡದಲ್ಲಿ ಅದರೊಳಗೇನಿದೆಯೆಂದು ತಿಳಿಯದವರು ಇರಲಿಲ್ಲ. ಕಾವಲುಗಾರ ತಲೆ ತಗ್ಗಿಸಿದ್ದ. ಗೊತ್ತಪ್ಪ ಒಬ್ಬನೇ ಎಂದಿಗಿಂತ ನೆಟ್ಟಗೆ ಕುಳಿತು, "ಗೊತ್ತು ಸಾರ್," ಎಂದು ಬಾಗಿಲೆಳೆದ.

ಲಿಫ್ಟು ಮೇಲೇರಿತು. ಸೆಕ್ರೆಟರಿಯ ಕೈ ಲಕೋಟೆಯನ್ನು ಅರ್ಧ ಚಾಚಿತು, ಹಿಂದಕ್ಕೆ ಬಂತು. ಜೇಬಿಗೆ ಹೋಯಿತು, ಹೊರಗೆ ಬಂತು. ಲಕೋಟೆಯ ತುದಿ ಗಾಳಿಗೆ ಸಿಕ್ಕ ಎಲೆಯಂತೆ ಅದುರುತ್ತಿತ್ತು. ನಾಲ್ಕು ಬಂತು.

"ಮೇಷ್ಟ್ರೇ, ನಿಮ್ಮದು."

"ಇರಲಿ, ಇವತ್ತು ಮೇಲೆ ಬರ್ತೀನಿ," ಎಂದೆ. ಅವನನ್ನು ಆ ಹೊತ್ತಿನಲ್ಲಿ ಒಬ್ಬನನ್ನೇ ಬಿಡಲು ಮನಸ್ಸಾಗಲಿಲ್ಲ. ಗೊತ್ತಪ್ಪ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಇಪ್ಪತ್ತು ವರ್ಷಗಳಲ್ಲಿ ಅವನಿಗೆ ಎದುರು ಹೇಳಿದವನು ನಾನೊಬ್ಬನೇ ಇರಬೇಕು.

ಐದಕ್ಕೆ ಲಿಫ್ಟು ನಿಂತಿತು. ಗೊತ್ತಪ್ಪ ಬಾಗಿಲು ತೆರೆದು, ಸೆಕ್ರೆಟರಿಯ ಕಡೆ ತಿರುಗಿ, ಬಹಳ ವಿನಯದಿಂದ, "ಇಳೀರಿ ಸಾರ್," ಎಂದ.

ಎದುರಿಗೆ ನರರೋಗದ ಡಾಕ್ಟರಮ್ಮನ ಫಲಕ. ಸೆಕ್ರೆಟರಿ ಫಲಕ ನೋಡಿದರು. ಆಮೇಲೆ ತಮ್ಮ ಕೈ ನೋಡಿಕೊಂಡರು, ಬೇರೆಯವರ ಕೈಯೇನೋ ಎಂಬಂತೆ. ಮುಖ ಬಿಳಚಿಕೊಂಡಿತು.

"ನಿನಗೆ... ನಿನಗೆ ಹೇಗಯ್ಯ ಗೊತ್ತಾಯ್ತು?"

"ಗೊತ್ತು ಸಾರ್."

ಅವರು ಇಳಿದರು.

ಒಳಗೆ ನಡೆದದ್ದನ್ನು ಸೆಕ್ರೆಟರಿಯೇ ಮುಂದೆ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಡಾಕ್ಟರಮ್ಮ ಅವರ ಕೈಗೆ ಮೊದಲು ದಿನಪತ್ರಿಕೆ ಕೊಟ್ಟರಂತೆ, ಕೈ ಅಲುಗಲಿಲ್ಲ. ಲಕೋಟೆ ಕೊಟ್ಟರು, ನಡುಗಿತು. ಮತ್ತೆ ಪತ್ರಿಕೆ, ಮತ್ತೆ ಲಕೋಟೆ.

"ಕೈಗೆ ಕಾಯಿಲೆ ಇಲ್ಲ ಸಾರ್," ಎಂದರಂತೆ. "ಇದನ್ನ ಕೊಡೋಕೆ ಅದಕ್ಕೆ ಮನಸ್ಸಿಲ್ಲ, ಅಷ್ಟೇ. ಅದು ನಿಮಗೆ ಇನ್ನೂ ತಿಳಿದಿಲ್ಲ, ಕೈಗೆ ತಿಳಿದಿದೆ."

"ಔಷಧಿ?"

"ಲಕೋಟೆ ಇಲ್ಲಿಟ್ಟು ಹೋಗಿ."

ಅದು ಪ್ಲಾಸ್ಟರಿನ ಮಿದುಳಿನ ಕೆಳಗೆ ಬಹಳ ದಿನ ಇತ್ತು. ಸೆಕ್ರೆಟರಿ ತಮ್ಮ ಪುಸ್ತಕದಲ್ಲಿ ಹೊಸ ಟಿಪ್ಪಣಿ ಬರೆದರು: ಹದಿನಾರು ಜನರೂ ತಮ್ಮನ್ನು ಸರಿಯಾದ ಕಡೆಗೇ ತಲುಪಿಸಲಾಗಿದೆ ಎಂದು ಲಿಖಿತವಾಗಿ ತಿಳಿಸಿರುವುದರಿಂದ ಫಲಿತಾಂಶ ನಲವತ್ತಕ್ಕೆ ನಲವತ್ತು. ಬರೆದದ್ದೇ ಪುರಾವೆಯಾದ್ದರಿಂದ ಯಾರೂ ಆಕ್ಷೇಪಿಸಲಿಲ್ಲ. ಹಳೆಯ ಲಿಫ್ಟು ಇನ್ನೂ ಎರಡು ವರ್ಷ ಓಡಿತು.

ಆ ಸೋಮವಾರವೇ, ಸೆಕ್ರೆಟರಿ ಒಳಗೆ ಹೋದ ಮೇಲೆ, ನಾನು ಗೊತ್ತಪ್ಪನನ್ನು ಕೇಳಿದೆ. "ಅವರನ್ನ ಐದರಲ್ಲಿ ಇಳಿಸಬೇಕು ಅಂತ ನಿನಗೆ ಹೇಗೆ ಹೊಳೆಯಿತಯ್ಯ?"

"ಹೊಳೆಯೋದೇನು ಬಂತು? ಆರರ ಬಟನ್ ಬೆಳಿಗ್ಗೆಯಿಂದ ಕೆಟ್ಟಿದೆ ಮೇಷ್ಟ್ರೇ. ಒಂದು ಮಹಡಿ ಹತ್ಕೊಂಡು ಹೋಗ್ತಾರೆ ಅಂತ ಬಿಟ್ಟೆ. ಇಲ್ಲೇ ಒಳಗೆ ಯಾಕೆ ಹೋದ್ರೋ, ಪಾಪ."

"ಆ ಲಕೋಟೆ?"

"ಅದಾ? ನನ್ನ ಮುಂದುವರಿಕೆ ಕಾಗದ. ಕೊಡೋಕೆ ನಾಚ್ಕೊಂಡ್ರು ನೋಡಿ. ಸಂಕೋಚದ ಮನುಷ್ಯ." ಮಫ್ಲರಿನ ಮೇಲಿಂದಲೇ ಕಿವಿಯ ಹಿಂದೆ ಒಮ್ಮೆ ತಟ್ಟಿಕೊಂಡು, ನಾಲ್ಕನ್ನು ಒತ್ತಿದ.

ಎರಡು ವರ್ಷ ಕಳೆದು ಅವನು ನಿವೃತ್ತನಾದ. ಸ್ಟೂಲನ್ನು ಮನೆಗೆ ಒಯ್ದು ಅಡುಗೆಮನೆಯ ಬಾಗಿಲಲ್ಲಿ ಹಾಕಿಕೊಂಡಿದ್ದಾನೆ. ಈಗ ಹೆಂಡತಿ ಕೈ ಚಾಚಿದಾಗಲೆಲ್ಲ, "ಏನು ಬೇಕೇ?" ಎಂದು ಕೇಳುತ್ತಾನಂತೆ. ಮದುವೆಯಾಗಿ ಮೂವತ್ತು ವರ್ಷಕ್ಕೆ ಕೇಳುವುದನ್ನು ಕಲಿತರು ಎಂದು ಅವಳು ಮೂಗು ಮುರಿಯುವುದನ್ನೇ ಬಿಟ್ಟಿದ್ದಾಳೆ.

ಹೊಸ ಲಿಫ್ಟು ಬಂದಿದೆ. ಕನ್ನಡಿ, ದೀಪ, ಸಾಲಾಗಿ ಹೊಳೆಯುವ ಬಟನ್ನುಗಳು. ಮೊದಲ ದಿನ ನಾವು ನಾಲ್ಕು ಜನ ಹತ್ತಿದೆವು. ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಲಿಫ್ಟು ಅಲುಗಲಿಲ್ಲ. ಯಾರಾದರೂ "ಗೊತ್ತು" ಎನ್ನುತ್ತಾರೆಂದು ಎಲ್ಲರೂ ಕಾಯುತ್ತಿದ್ದೆವು. ಒಬ್ಬರನ್ನೊಬ್ಬರು ನೋಡಿಕೊಂಡೆವು. ಕೊನೆಗೆ ಮೂಲೆಯಲ್ಲಿದ್ದ ಹೊಲಿಗೆಯಮ್ಮ ನನ್ನ ಬೆರಳುಗಳನ್ನು ದಿಟ್ಟಿಸಿ ನೋಡಿ, ಕೈ ಚಾಚಿ ನಾಲ್ಕನ್ನು ಒತ್ತಿದಳು.

ನಾನು ಆ ದಿನ ಹೊರಟಿದ್ದು ಮೊದಲನೆಯ ಮಹಡಿಯ ವಿಮೆ ಕಚೇರಿಗೆ. ನಾಲ್ಕರಲ್ಲೇ ಇಳಿದೆ. ಪೇಪರ್ ಚೆನ್ನಾಗಿತ್ತು.